ತಟ್ಟೆಯೊಳಗಿನ ಅಹಿಂಸೆ, ತಟ್ಟೆಯಾಚೆಗಿನ ಪ್ರಮಾದ

ಗಡ್ಡೆಗೆಣಸು ಮುಟ್ಟದ, ಸೂರ್ಯಾಸ್ತದ ಬಳಿಕ ಉಣ್ಣದ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಸಮಾಜವೆಂಬ ಗೌರವ ಜೈನರಿಗೆ ಸಂದಿದೆ. ಆ ಗೌರವವು ಪೂರ್ವಜರು ಕೂಡಿಟ್ಟ ಮೂಲಧನ. ಇಂದಿನ ತಲೆಮಾರು ಅದರ ಬಡ್ಡಿಯನ್ನು ಉಣ್ಣುತ್ತಿದೆಯೇ ಹೊರತು ಮೂಲಧನಕ್ಕೆ ಏನನ್ನೂ ಸೇರಿಸುತ್ತಿಲ್ಲ. ಇದನ್ನರಿಯಲು ಶಾಸ್ತ್ರಗ್ರಂಥಗಳನ್ನು ತೆರೆಯಬೇಕಿಲ್ಲ. ಸಾಧರ್ಮಿಕ ಭೋಜನ ಮುಗಿದ ಮರುದಿನ ಕಲ್ಯಾಣಮಂಟಪದ ಹಿಂಬದಿಯನ್ನು ನೋಡಿದರೆ ಸಾಕು. ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳು, ಪ್ಲಾಸ್ಟಿಕ್ ಲೇಪನದ ತಟ್ಟೆ ಲೋಟಗಳು, ಅವುಗಳಿಗಂಟಿದ ಸಿಹಿತಿಂಡಿಗೆ ಮುತ್ತಿದ ಇರುವೆ ನೊಣಗಳು, ಎಂಜಲಿನೊಡನೆ ಪ್ಲಾಸ್ಟಿಕ್ಕನ್ನೂ ನುಂಗುವ ಹಸು. ಜೀವಹಿಂಸೆಯಾಗಬಾರದೆಂದು ಈರುಳ್ಳಿಯನ್ನು ದೂರವಿಟ್ಟವರು ಭೋಜನಾನಂತರದ ಹಿಂಸೆಗೆ ತಾವು ಹೊಣೆಯಲ್ಲವೆಂದು ಭಾವಿಸುವುದು ಯಾವ ಶ್ರಾವಕಾಚಾರಕ್ಕೂ ಸಮ್ಮತವಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನಿಗೆ ವಿಧಿಸಿದ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆ ಸೇರಿದೆ: ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕತ್ತರಿಸುವುದು ಮುಂತಾದವು. ಗೃಹಸ್ಥನಿಗೆ ಬದುಕಿನ ನಿರ್ವಹಣೆಗಾಗಿ ಕೆಲವು ಹಿಂಸೆ ಅನಿವಾರ್ಯವೆಂಬುದನ್ನು ಆಚಾರ್ಯರು ಬಲ್ಲರು. ಆದರೆ ಪ್ರಯೋಜನವಿಲ್ಲದ ಹಿಂಸೆಗೆ ಅವರು ಕ್ಷಮೆಯನ್ನಿತ್ತಿಲ್ಲ. ಹತ್ತು ನಿಮಿಷದ ಉಪಯೋಗಕ್ಕಾಗಿ ತಯಾರಾಗಿ ಹಲವು ತಲೆಮಾರುಗಳವರೆಗೆ ಮಣ್ಣಿನಲ್ಲಿ ಕರಗದೆ ಉಳಿಯುವ ಲೋಟವು ಅನರ್ಥದಂಡವಲ್ಲದೆ ಮತ್ತೇನು? ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯಗಳೆಂದು ಏಕೇಂದ್ರಿಯ ಜೀವಗಳನ್ನು ಎಣಿಸಿಕೊಟ್ಟ ಧರ್ಮದಲ್ಲಿ ಹುಟ್ಟಿದವರಿಗೆ ಪರಿಸರದ ಪಾಠ ಹೊರಗಿನಿಂದ ಬರಬೇಕಿರಲಿಲ್ಲ. 1990ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಪ್ರಿನ್ಸ್ ಫಿಲಿಪ್ ಅವರಿಗೆ ಜೈನ ಸಮಾಜವು ಪ್ರಕೃತಿಯನ್ನು ಕುರಿತ ಘೋಷಣಾಪತ್ರವನ್ನು ಅರ್ಪಿಸಿತು. ಡಾ. ಎಲ್. ಎಂ. ಸಿಂಘ್ವಿಯವರು ಅದನ್ನು ರಚಿಸಿದ್ದರು. ಲೋಕಕ್ಕೆ ಘೋಷಿಸಿದ್ದನ್ನು ಸ್ವಂತ ಭೋಜನಶಾಲೆಯಲ್ಲಿ ಆಚರಿಸದಿದ್ದರೆ ಆ ಘೋಷಣೆಗೆ ಬೆಲೆಯೆಲ್ಲಿಯದು?

ಭದ್ರಾವತಿಯ ಶ್ರಾವಕರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಹಿಂದೆ ಬೆಂಕಿಪುರವೆನಿಸಿದ್ದ ಈ ಊರು ಬೆಳೆದುದೇ ಬೆಂಕಿಯಿಂದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣ ಕಾರ್ಖಾನೆಯ ಕುಲುಮೆಗೆ ಮಲೆನಾಡಿನ ಕಾಡಿನ ಸೌದೆಯೇ ಇದ್ದಿಲಾಯಿತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಬಿದಿರು ಮರಗಳನ್ನು ಅರೆಯಿತು. ಶ್ರಾವಕರಿಗೆ ವರ್ಜ್ಯವೆಂದು ಹೇಳಲಾದ ಹದಿನೈದು ಕರ್ಮಾದಾನಗಳಲ್ಲಿ ಅಂಗಾರಕರ್ಮ, ವನಕರ್ಮಗಳು ಮೊದಲಿಗೇ ಬರುತ್ತವೆ. ಆ ಕಾರ್ಖಾನೆಗಳು ಸಾವಿರಾರು ಸಂಸಾರಗಳಿಗೆ ಅನ್ನವಿತ್ತವು. ಊರಿನ ವ್ಯಾಪಾರವೂ ಅವುಗಳ ನೆರಳಿನಲ್ಲೇ ಬೆಳೆಯಿತು. ಆದುದರಿಂದ ಅವುಗಳನ್ನು ನಿಂದಿಸುವ ಅಧಿಕಾರ ವರ್ತಕ ಸಮಾಜಕ್ಕೆ ಸುಲಭವಾಗಿ ದಕ್ಕದು. ಹೊಳೆ ಕೆಟ್ಟಿತೆಂದು ಯಾರಾದರೂ ಹೇಳಿದಾಗ ಕಾರ್ಖಾನೆಯತ್ತ ಬೆರಳು ತೋರಿಸುವುದು ದೀರ್ಘಕಾಲ ರೂಢಿಯಾಗಿತ್ತು. ಕಳೆದ ದಶಕದಲ್ಲಿ ಕಾಗದದ ಯಂತ್ರಗಳು ನಿಂತವು. ಆದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಗುರುತಿಸಿದ ದೇಶದ 351 ಕಲುಷಿತ ನದಿಭಾಗಗಳಲ್ಲಿ ಭದ್ರಾವತಿ–ಹೊಳೆಹೊನ್ನೂರು ನಡುವಣ ಭದ್ರೆಯೂ, ತೀರ್ಥಹಳ್ಳಿಯಿಂದ ಕೂಡಲಿಯವರೆಗಿನ ತುಂಗೆಯೂ ಸೇರಿದ್ದವು. ಚರಂಡಿಯ ನೀರು ಮನೆಮನೆಯದು, ಕಸವೂ ಮನೆಮನೆಯದು.

ನೀರಿನ ವಿಷಯವನ್ನೇ ನೋಡಬಹುದು. ಹಿರಿಯರು ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ಮತ್ತೆ ಅದೇ ಬಾವಿಗೆ ಜಾಗರೂಕತೆಯಿಂದ ಬಿಡುತ್ತಿದ್ದರು. ನೀರು ಶುದ್ಧವಾಗಬೇಕು, ಅದರೊಳಗಿನ ಜೀವವೂ ಉಳಿಯಬೇಕು ಎಂಬುದು ಆ ಆಚರಣೆಯ ತಿರುಳು. ಇಂದು ಅದರ ಜಾಗದಲ್ಲಿ ಮೊಹರು ಹಾಕಿದ ಬಾಟಲಿ ಕುಳಿತಿದೆ. ಅದು ಶುದ್ಧವೆಂಬ ನಂಬಿಕೆಯೂ ಅಲುಗಿದೆ: 2024ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿಗಳು ಅಲ್ಲಿನ ಬಾಟಲಿ ನೀರನ್ನು ಪರೀಕ್ಷಿಸಿ, ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳಿರುವುದನ್ನು ಪ್ರಕಟಿಸಿದರು. ಸೋಸುವ ವ್ರತದವರು ಸೋಸಲಾಗದ ಕಣಗಳನ್ನು ಹಣ ಕೊಟ್ಟು ಕುಡಿಯುತ್ತಿದ್ದಾರೆ.

ತಟ್ಟೆಯ ಮಾತೂ ಇಂತಹುದೇ. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೂ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ನಿಷೇಧಿಸಿವೆ. ಧರ್ಮವು ಸಾವಿರ ವರ್ಷಗಳ ಹಿಂದೆಯೇ ಬೇಡವೆಂದುದನ್ನು ದಂಡದ ಭಯದಿಂದ ಬಿಡಬೇಕಾಗಿ ಬಂದುದೇ ಲಜ್ಜೆಯ ಸಂಗತಿ. ಹಲವೆಡೆ ಹಾಗೂ ಬಿಟ್ಟಿಲ್ಲವೆಂಬುದು ಇನ್ನೂ ಲಜ್ಜೆಯದು. ಶಿವಮೊಗ್ಗ ಸೀಮೆಯ ತೋಟಗಳಲ್ಲಿ ಅಡಿಕೆ ಹಾಳೆ ಹಣ್ಣಾಗಿ ತಾನೇ ಕಳಚಿ ಬೀಳುತ್ತದೆ. ಅದಕ್ಕಾಗಿ ಮರವನ್ನು ನೋಯಿಸಬೇಕಿಲ್ಲ. ಅದರ ತಟ್ಟೆ ಪ್ಲಾಸ್ಟಿಕ್ಕಿಗಿಂತ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಾಳೆಯಲ್ಲಿನ ಅಡಿಕೆಯ ಕ್ಷಾರಾಂಶಗಳು ಆಹಾರಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಕ್ಷೇಪಿಸಿರುವುದನ್ನೂ ಮರೆಮಾಚಬಾರದು. ಎಲ್ಲಕ್ಕಿಂತ ಮೇಲಾದುದು ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ. ಉಕ್ಕಿನ ಊರೆನಿಸಿಕೊಂಡ ಭದ್ರಾವತಿಯಲ್ಲಿ ಸ್ಟೀಲ್ ತಟ್ಟೆಗೆ ಬರ ಬಂದಿದೆಯೆಂದರೆ ಯಾರು ನಂಬುವರು?

ತೊಳೆಯುವ ನೀರೂ ಅಪ್ಕಾಯವಲ್ಲವೇ, ಅದರಲ್ಲಿ ಹಿಂಸೆಯಿಲ್ಲವೇ ಎಂಬ ಆಕ್ಷೇಪ ಕೇಳಿಬರುತ್ತದೆ. ಇದೆ, ಆದರೆ ಅದು ಪ್ರಯೋಜನವುಳ್ಳದ್ದು, ಮಿತಿಗೊಳಿಸಬಹುದಾದದ್ದು. ಎಸೆದ ಪ್ಲಾಸ್ಟಿಕ್ ಮಾಡುವ ಹಿಂಸೆಗೆ ಮಿತಿ ಹಾಕುವವರಾರು? ತೊಳೆಯಲು ಆಳು ಸಿಗುವುದಿಲ್ಲ, ಖರ್ಚು ಹೆಚ್ಚು ಎಂಬುದು ಎರಡನೆಯ ಆಕ್ಷೇಪ. ವೇದಿಕೆಯ ಅಲಂಕಾರಕ್ಕೂ ಫ್ಲೆಕ್ಸ್ ಫಲಕಗಳಿಗೂ ಕೈಬಿಚ್ಚಿ ಕೊಡುವ ದಾನಿಗಳು ಪಾತ್ರೆ ತೊಳೆಯುವವರ ಕೂಲಿಯ ಬಳಿ ಬಂದಾಗ ಮಾತ್ರ ಲೆಕ್ಕಪುಸ್ತಕ ತೆರೆಯುವುದು ಸರಿಯಾದ ಲೆಕ್ಕವಲ್ಲ. ಒಮ್ಮೆ ಕೊಂಡ ತಟ್ಟೆ ಆಸ್ತಿಯ ಪಟ್ಟಿಗೆ ಸೇರುತ್ತದೆ. ಪ್ರತಿ ಸಲ ಕೊಂಡು ಎಸೆಯುವ ತಟ್ಟೆ ಖರ್ಚಿನ ಪಟ್ಟಿಯಲ್ಲಿಯೇ ಉಳಿಯುತ್ತದೆ. ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕೆ?

ತಟ್ಟೆಯ ಮೇಲಿನ ಪದಾರ್ಥಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಭೋಗೋಪಭೋಗ ಪರಿಮಾಣವು ವ್ರತ. ಹಸಿವಿಗಿಂತ ಕಡಿಮೆ ಉಣ್ಣುವ ಊನೋದರವು ತಪಸ್ಸು. ಹತ್ತಾರು ಬಗೆಯ ಸಿಹಿ, ಕರಿದ ತಿನಿಸುಗಳ ಭೋಜನ ಇವೆರಡಕ್ಕೂ ವಿರುದ್ಧ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನ ಅಧ್ಯಯನವು 2023ರಲ್ಲಿ ಅಂದಾಜಿಸಿತು. ಅತಿಥಿಗೆ ರೋಗ ಬಡಿಸುವುದು ಸತ್ಕಾರವೆನಿಸದು. ಉಳಿದುದನ್ನು ಚರಂಡಿಗೆ ಸುರಿಯುವುದು ಸಮೃದ್ಧಿಯ ಲಕ್ಷಣವೂ ಅಲ್ಲ.

ಬಸದಿ, ಮಂದಿರಗಳ ಟ್ರಸ್ಟುಗಳಿಗೆ ಇದರಲ್ಲಿ ವಿಶೇಷ ಹೊಣೆಯಿದೆ. ಏಕೆಂದರೆ ಸಭಾಭವನದ ಬೀಗದ ಕೈ ಅವುಗಳ ಬಳಿಯಿದೆ. ಭವನವನ್ನು ಬಾಡಿಗೆಗೆ ಕೊಡುವಾಗಲೇ ಪ್ಲಾಸ್ಟಿಕ್ ತರಕೂಡದೆಂಬ ಕರಾರು ಬರೆಸಿಕೊಳ್ಳಬಹುದು. ತಟ್ಟೆ ಲೋಟಗಳ ಸಂಗ್ರಹಕ್ಕೆ ಒಬ್ಬ ದಾನಿಯ ಹೆಸರಿಡಬಹುದು. ಸೋಸಿ ಕಾಯಿಸಿದ ನೀರಿನ ಹಂಡೆಗಳನ್ನು ಇಡಬಹುದು. ಪ್ರಭಾವನೆಯನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಹಂಚುವುದನ್ನು ನಿಲ್ಲಿಸಬಹುದು. ಪದಾರ್ಥಗಳ ಸಂಖ್ಯೆಗೆ ಮಿತಿ ಗೊತ್ತುಮಾಡಿ, ಆ ಮಿತಿಯನ್ನು ಮೊದಲು ಟ್ರಸ್ಟಿಗಳ ಮನೆಯ ಮದುವೆಗಳಲ್ಲಿಯೇ ಪಾಲಿಸಬಹುದು. ಹಣವಂತರು ಪಾಲಿಸಿದರೆ ಸಾಮಾನ್ಯ ಸ್ಥಿತಿಯ ಶ್ರಾವಕನು ಸಾಲ ಮಾಡಿ ಮೆರೆಯಬೇಕಾದ ಸಂಕಟದಿಂದಲೂ ಪಾರಾಗುತ್ತಾನೆ.

ಪರ್ಯುಷಣ, ದಶಲಕ್ಷಣ ಪರ್ವಗಳ ಕೊನೆಗೆ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವುದು ಸಂಪ್ರದಾಯ. ಆ ಜೀವಿಗಳಲ್ಲಿ ಭದ್ರೆಯ ಮೀನುಗಳೂ, ಮಂಟಪದ ಹಿಂಬದಿಯ ಹಸುವೂ ಸೇರಿವೆ. ಕ್ಷಮೆ ಬೇಡಿದ ಮರುದಿನವೇ ಅದೇ ಅಪರಾಧವನ್ನು ಎಸಗುವುದಾದರೆ ಆ ಮಾತು ಬರಿಯ ಉಪಚಾರ. ಮುಂದಿನ ಪರ್ವಕ್ಕೆ ಮುನ್ನ ಪ್ರತಿ ಟ್ರಸ್ಟೂ ಸಭೆ ಕರೆದು ಈ ಐದು ನಿರ್ಣಯಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಜಾರಿಗೆ ತರಲಿ.