ತೊಳೆಯದೆ ಉಳಿದ ರೀಲು

2007ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಒಂದು ಹರಾಜು ನಡೆಯಿತು. ಬಾಡಿಗೆ ಬಾಕಿ ಉಳಿದಿದ್ದ ಉಗ್ರಾಣವೊಂದರ ಸಾಮಾನುಗಳು ಅಲ್ಲಿ ಮಾರಾಟಕ್ಕಿದ್ದವು. ಜಾನ್ ಮಲೂಫ್ ಎಂಬ ಯುವಕ ತನ್ನ ಬಡಾವಣೆಯ ಇತಿಹಾಸದ ಪುಸ್ತಕಕ್ಕೆ ಹಳೆಯ ಚಿತ್ರಗಳೇನಾದರೂ ಸಿಗಬಹುದೆಂದು ನೆಗೆಟಿವ್‌ಗಳು ತುಂಬಿದ್ದ ಪೆಟ್ಟಿಗೆಯೊಂದನ್ನು ಕೊಂಡ. ಪುಸ್ತಕಕ್ಕೆ ಬೇಕಾದದ್ದು ಅದರಲ್ಲಿ ಸಿಗಲಿಲ್ಲ. ಆದರೆ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ನೋಡುತ್ತ ಹೋದಂತೆ ಅಸಾಮಾನ್ಯ ಛಾಯಾಗ್ರಾಹಕಿಯೊಬ್ಬರ ಕೆಲಸ ಅವನ ಕಣ್ಣೆದುರು ತೆರೆದುಕೊಂಡಿತು.

ಆಕೆಯ ಹೆಸರು ವಿವಿಯನ್ ಮೇಯರ್. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. ಸುಮಾರು 40 ವರ್ಷ ಪರರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ದುಡಿದವರು. ಬಿಡುವು ಸಿಕ್ಕಾಗಲೆಲ್ಲ ಕೊರಳಿಗೆ ರೋಲಿಫ್ಲೆಕ್ಸ್ ಕ್ಯಾಮರಾ ತೂಗುಹಾಕಿಕೊಂಡು ಬೀದಿ ಸುತ್ತುತ್ತಿದ್ದರು. ಹೀಗೆ ತೆಗೆದ ಚಿತ್ರಗಳು ಒಂದು ಲಕ್ಷಕ್ಕೂ ಹೆಚ್ಚು! ಅವುಗಳಲ್ಲಿ ಬಹುಪಾಲನ್ನು ಯಾರಿಗೂ ತೋರಿಸಿರಲಿಲ್ಲ. 2009ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲಷ್ಟೇ ಜಗತ್ತಿಗೆ ಅವರ ಹೆಸರು ತಿಳಿಯಿತು.

ಇದರಲ್ಲಿ ಇನ್ನೊಂದು ಸಂಗತಿಯಿದೆ. ಮೇಯರ್ ಬಿಟ್ಟುಹೋದ ಪೆಟ್ಟಿಗೆಗಳಲ್ಲಿ ತೊಳೆಯದೇ ಉಳಿದ ರೀಲುಗಳು ನೂರಾರು ಇದ್ದವು. ಷಿಕಾಗೊದಲ್ಲಿ ಮೊದಲು ಕೆಲಸಕ್ಕಿದ್ದ ಮನೆಯವರು ಆಕೆಗೊಂದು ಪ್ರತ್ಯೇಕ ಸ್ನಾನದ ಮನೆ ಕೊಟ್ಟಿದ್ದರು. ಅದೇ ಅವರ ಕತ್ತಲ ಕೋಣೆಯಾಗಿತ್ತು. 1970ರ ದಶಕದ ಆರಂಭದಲ್ಲಿ ಆ ಕೆಲಸ ಮುಗಿಯಿತು. ಕತ್ತಲ ಕೋಣೆಯೂ ಹೋಯಿತು. ಚಿತ್ರ ತೆಗೆಯುವುದು ನಿಲ್ಲಲಿಲ್ಲ, ತೊಳೆಯುವುದು ನಿಂತಿತು. ದಶಕಗಳ ನಂತರ ಬೇರೆಯವರು ಆ ರೀಲುಗಳನ್ನು ತೊಳೆದಾಗ ಅವುಗಳಿಂದಲೂ ಚಿತ್ರಗಳು ಎದ್ದುಬಂದವು. ಅಷ್ಟು ವರ್ಷ ಆ ಚಿತ್ರಗಳು ಎಲ್ಲಿದ್ದವು?

ಫಿಲಂ ಮೇಲಿನ ಜೆಲಟಿನ್ ಲೇಪದಲ್ಲಿ ಸಿಲ್ವರ್ ಬ್ರೋಮೈಡ್‌ನಂಥ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಕ್ಯಾಮರಾದ ಕಿಂಡಿ ತೆರೆದು ಮುಚ್ಚುವ ಕ್ಷಣದಲ್ಲಿ ಬೆಳಕು ಬಿದ್ದ ಹರಳುಗಳೊಳಗೆ ಬೆರಳೆಣಿಕೆಯಷ್ಟು ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಒಂದೆಡೆ ಗುಂಪುಗೂಡುತ್ತವೆ. ಇದು ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಸುಪ್ತ ಬಿಂಬ ಎಂದು ಹೆಸರು. ಡೆವಲಪರ್ ದ್ರಾವಣ ತಾಗಿದಾಗ ಈ ಕೆಲವೇ ಪರಮಾಣುಗಳು ಹಾಲಿಗೆ ಬಿಟ್ಟ ಹೆಪ್ಪಿನಂತೆ ಕೆಲಸ ಮಾಡುತ್ತವೆ. ಹರಳಿನಲ್ಲಿರುವ ಕೋಟಿಗಟ್ಟಲೆ ಬೆಳ್ಳಿಯ ಅಯಾನುಗಳೆಲ್ಲ ಕಪ್ಪು ಬೆಳ್ಳಿಯಾಗುತ್ತವೆ. ಹೆಪ್ಪಿಲ್ಲದ ಹರಳು ಹಾಗೆಯೇ ಉಳಿಯುತ್ತದೆ. ಮೇಯರ್ ಅವರ ರೀಲುಗಳಲ್ಲಿ ಹೆಪ್ಪು ಬಿದ್ದಿತ್ತು, ಮೊಸರಾಗುವುದಷ್ಟೇ ಬಾಕಿಯಿತ್ತು.

ರೋಲಿಫ್ಲೆಕ್ಸ್ ಬಳಸುವುದು 120 ಎಂಬ ಅಗಲ ಫಿಲಂ. ಕೊಡಾಕ್ ಕಂಪನಿ 1901ರಲ್ಲಿ ಹೊರತಂದ ಈ ಅಳತೆ ಇಂದಿಗೂ ತಯಾರಾಗುತ್ತಿದೆ. ಇದನ್ನೇ ಮೀಡಿಯಂ ಫಾರ್ಮ್ಯಾಟ್ ಎನ್ನುತ್ತಾರೆ. ಒಂದು ರೀಲಿಗೆ 12 ಚೌಕ ಚಿತ್ರಗಳು. ಪ್ರತಿ ಚಿತ್ರ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ 3136 ಚದರ ಮಿಲಿಮೀಟರ್. ಸಾಮಾನ್ಯ 35 ಎಂ.ಎಂ. ಫಿಲಂನ ಚಿತ್ರ 36 ಮತ್ತು 24 ಮಿಲಿಮೀಟರ್, ಎಂದರೆ 864 ಚದರ ಮಿಲಿಮೀಟರ್. ಅಗಲ ಫಿಲಂನಲ್ಲಿ ಮೂರೂವರೆ ಪಟ್ಟಿಗಿಂತ ಹೆಚ್ಚು ಜಾಗ ದೊರೆಯುವುದರಿಂದ ಚಿತ್ರವನ್ನು ದೊಡ್ಡದು ಮಾಡಿದರೂ ಸೂಕ್ಷ್ಮ ವಿವರಗಳು ಕೆಡುವುದಿಲ್ಲ.

ಆದರೆ 12 ಎಂದರೆ 12 ಮಾತ್ರ. ಮೊಬೈಲ್‌ನಲ್ಲಿ ನಿಮಿಷಕ್ಕೆ 50 ಚಿತ್ರ ತೆಗೆಯುವ ಕೈಗೆ ಇದು ಕಠಿಣ ಶಿಸ್ತು. ಬೆಳಕೆಷ್ಟು, ದೂರವೆಷ್ಟು, ಕಿಂಡಿ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆಯಬೇಕು ಎಂದು ಲೆಕ್ಕ ಹಾಕಿಯೇ ಗುಂಡಿ ಒತ್ತಬೇಕು. ಸರಿಯಾಯಿತೋ ಇಲ್ಲವೋ ಎಂಬುದು ತೊಳೆಯುವವರೆಗೆ ಗೊತ್ತಾಗದು. ಆದ್ದರಿಂದ ಈ ಹವ್ಯಾಸಕ್ಕೆ ಇಳಿಯುವ ವಿದ್ಯಾರ್ಥಿ ಪ್ರತಿ ಚಿತ್ರದ ಲೆಕ್ಕವನ್ನೂ ನೋಟ್ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಲು ಬೇರೆ ದಾರಿಯಿಲ್ಲ.

ಇನ್ನು ತೊಳೆಯುವುದು. ಕಗ್ಗತ್ತಲಲ್ಲಿ ಫಿಲಂ ಅನ್ನು ಸುರುಳಿಚಕ್ರಕ್ಕೆ ಸುತ್ತಿ, ಬೆಳಕು ನುಗ್ಗದ ಡಬ್ಬಿಯೊಳಗಿಟ್ಟು ಮುಚ್ಚಬೇಕು. ಕೆಟ್ಟ ರೀಲೊಂದನ್ನು ಹಿಡಿದು, ಮೊದಲು ಹಗಲಲ್ಲಿ, ಆಮೇಲೆ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡಿದವರಿಗೆ ಇದು ಕಷ್ಟವಲ್ಲ. ಡಬ್ಬಿ ಮುಚ್ಚಿದ ಮೇಲೆ ಉಳಿದ ಕೆಲಸ ದೀಪದ ಬೆಳಕಿನಲ್ಲೇ ನಡೆಯುತ್ತದೆ. ಡೆವಲಪರ್‌ನ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೇಸಗೆಯಲ್ಲಿ ಹಾಲು ಬೇಗ ಹೆಪ್ಪಾಗುವಂತೆ ಇಲ್ಲಿಯೂ ಬಿಸಿ ಹೆಚ್ಚಿದಷ್ಟು ಕ್ರಿಯೆಯ ವೇಗ ಹೆಚ್ಚು. 20 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬೇಕಾಗುವ ಕೆಲಸ 24 ಡಿಗ್ರಿಯಲ್ಲಿ ಸುಮಾರು ಐದು ನಿಮಿಷಕ್ಕೆ ಮುಗಿಯುತ್ತದೆ. ಹಾಗಾಗಿ ನಮ್ಮ ನಲ್ಲಿ ನೀರು ಬೆಚ್ಚಗಿರುವ ದಿನಗಳಲ್ಲಿ ದ್ರಾವಣದ ಬಾಟಲಿಯನ್ನು ಐಸ್ ಹಾಕಿದ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಬೇಕಾಗುತ್ತದೆ. ಕೈಗಡಿಯಾರ ಮತ್ತು ಉಷ್ಣಮಾಪಕಗಳ ಬೆಲೆ ಆಗ ತಿಳಿಯುತ್ತದೆ.

ಡೆವಲಪರ್ ಕ್ಷಾರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದನ್ನು ನಿಲ್ಲಿಸಲು ದುರ್ಬಲ ಅಸಿಟಿಕ್ ಆಮ್ಲ ಸಾಕು. ಬಳಿಕ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಇದು ಹೆಪ್ಪಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುತ್ತದೆ. ಈ ಗುಣವನ್ನು 1819ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಛಾಯಾಗ್ರಹಣ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ. ಅಲ್ಲಿಯವರೆಗೆ ಆ ಗುಣ ತನ್ನ ಉಪಯೋಗಕ್ಕಾಗಿ 20 ವರ್ಷ ಕಾದಿತ್ತು! ಕೊನೆಗೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ಧೂಳಿಲ್ಲದ ಕಡೆ ತೂಗುಹಾಕಿದರೆ ನೆಗೆಟಿವ್ ಸಿದ್ಧ.

ಮೂರನೆಯ ಹಂತ ಸ್ಕ್ಯಾನಿಂಗ್. ಕಚೇರಿಯ ಸಾಮಾನ್ಯ ಸ್ಕ್ಯಾನರ್ ಕಾಗದದಿಂದ ಪ್ರತಿಫಲಿಸಿದ ಬೆಳಕನ್ನು ಓದುತ್ತದೆ. ನೆಗೆಟಿವ್‌ಗೆ ಬೆಳಕು ಅದರೊಳಗಿಂದ ಹಾದು ಬರಬೇಕು; ಅದಕ್ಕಾಗಿ ಮುಚ್ಚಳದಲ್ಲಿಯೂ ದೀಪವಿರುವ ಸ್ಕ್ಯಾನರ್ ಬೇಕು. ಇಂಚಿಗೆ 2400 ಬಿಂದುಗಳಂತೆ ಓದಿದರೆ 56 ಮಿಲಿಮೀಟರಿಗೆ ಸುಮಾರು 5290 ಬಿಂದುಗಳಾಗುತ್ತವೆ. ಒಟ್ಟು ಚಿತ್ರಕ್ಕೆ ಎಷ್ಟೆಂದು ವಿದ್ಯಾರ್ಥಿಗಳೇ ಗುಣಿಸಿ ನೋಡಲಿ; ಎರಡೂ ಮುಕ್ಕಾಲು ಕೋಟಿ ದಾಟುತ್ತದೆ. ಫಿಲಂ ಗಾಜಿಗೆ ತಾಗಿದರೆ ಕೆಲವೊಮ್ಮೆ ಚಿತ್ರದಲ್ಲಿ ಉಂಗುರಗಳು ಮೂಡುತ್ತವೆ. ಅವು ಭೌತಶಾಸ್ತ್ರದ ಪಾಠದಲ್ಲಿ ಬರುವ ನ್ಯೂಟನ್ನನ ಉಂಗುರಗಳೇ.

ತಂದೆತಾಯಿಯರಿಗೆ ಕೆಲವು ಎಚ್ಚರಿಕೆಗಳು. ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ಕಡ್ಡಾಯ. ಅಡುಗೆಮನೆಯ ಪಾತ್ರೆ, ಕುಡಿಯುವ ನೀರಿನ ಬಾಟಲಿ ಇದಕ್ಕೆ ಸಲ್ಲದು. ದ್ರಾವಣಗಳಿಗೆ ಚೀಟಿ ಅಂಟಿಸಿ, ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬಾರದು. ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಕೊಡಬೇಕು. ಖರ್ಚೂ ಇದೆ. ತಿಂಗಳಿಗೊಂದು ರೀಲು ಎಂದು ಮಿತಿ ಹಾಕಿಕೊಂಡರೆ ಜೇಬಿಗೂ ಭಾರವಾಗದು, ಕಲಿಕೆಯೂ ನಿಧಾನವಾಗಿ ಗಟ್ಟಿಯಾಗುತ್ತದೆ.

ಹೊಸ ಕ್ಯಾಮರಾ ಕೊಳ್ಳುವ ಮೊದಲು ಮನೆಯ ಅಟ್ಟವನ್ನೊಮ್ಮೆ ನೋಡುವುದು ಒಳ್ಳೆಯದು. ಭಾರತದಲ್ಲೇ ತಯಾರಾಗಿ ಎಷ್ಟೋ ಮನೆಗಳನ್ನು ಸೇರಿದ್ದ ಅಗ್ಫಾ ಕ್ಲಿಕ್-3 ಕ್ಯಾಮರಾಕ್ಕೂ ಇದೇ 120 ಫಿಲಂ, ಇದೇ 12 ಚಿತ್ರ. ಹಾಗೊಂದು ಸಿಕ್ಕಿದರೆ ಆತುರದಲ್ಲಿ ಹಿಂಬದಿ ತೆರೆಯಬಾರದು. ಒಳಗೆ ರೀಲು ಇದ್ದೀತು. ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ಕಂಡರೆ ಕತ್ತಲಲ್ಲಿ ತೆಗೆದು, ಬಲ್ಲವರಿಗೆ ಕೊಟ್ಟು ತೊಳೆಸಬೇಕು. ಸುಪ್ತ ಬಿಂಬ ಚಿರಂಜೀವಿಯಲ್ಲ. ಸೆಕೆ ಮತ್ತು ತೇವ ಅದನ್ನು ವರ್ಷ ವರ್ಷಕ್ಕೆ ಅಳಿಸುತ್ತ ಬರುತ್ತವೆ. ಇನ್ನೂ ಹತ್ತು ವರ್ಷ ಬಿಟ್ಟರೆ ಅಜ್ಜಿಯ ಮುಖವೊಂದು ಬರೀ ಬೂದು ಮಸುಕಾಗಿ ಹೋಗಬಹುದು.

ಮೇಯರ್ ಅವರ ಕಣ್ಣು ದೊಡ್ಡದಿತ್ತು. ಆದರೆ ಆ ನೂರಾರು ರೀಲುಗಳಲ್ಲಿ ತಾವು ಕಂಡದ್ದು ಹೇಗೆ ಮೂಡಿತ್ತೆಂದು ಅವರಿಗೆ ನೋಡಲಾಗಲಿಲ್ಲ. ಒಂದು ಕತ್ತಲ ಕೋಣೆಯ ಕೊರತೆ ಅಷ್ಟು ಮಾಡಿತು. ಓದುವ ಮಗ ಅಥವಾ ಮಗಳು ಭಾನುವಾರ ಎರಡು ಗಂಟೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡರೆ ಗದರುವ ಮುನ್ನ ಇದನ್ನು ನೆನೆಯಬೇಕು. ಮಕ್ಕಳಿಗೂ ಒಂದು ಮಾತಿದೆ. ತೆಗೆದ ಚಿತ್ರವನ್ನು ತೊಳೆದು, ಸ್ಕ್ಯಾನ್ ಮಾಡಿ, ಮನೆಯವರ ಮುಂದಿಟ್ಟಾಗಲೇ ಆ ಕೆಲಸ ಮುಗಿದಂತೆ.