ನಿರಾಶರಾಗಲು ಹಕ್ಕಿದೆ, ದ್ರೋಹವೆನ್ನಲು ಇಲ್ಲ

ಕಳೆದ ತಿಂಗಳು ನನ್ನ ತಂಗಿಯ ಮಗ ಸಂಸಾರಸಮೇತನಾಗಿ ನಮ್ಮ ಮನೆಗೆ ಬಂದಿದ್ದ. ಅವನಿಗೀಗ ನಲವತ್ತರ ಸಮೀಪ. ರಾತ್ರಿ ಊಟವಾದ ಮೇಲೆ ಮಾತು ಹೇಗೋ ಅಮೆರಿಕದ ‘ಲಿಂಕಿನ್ ಪಾರ್ಕ್’ ಎಂಬ ಸಂಗೀತ ತಂಡದ ಕಡೆಗೆ ಹೊರಳಿತು. “ಅವರು ನಮಗೆ ಮೋಸ ಮಾಡಿಬಿಟ್ಟರು ಮಾವ” ಎಂದ. ಇದೇ ಮಾತನ್ನು ಇದೇ ದನಿಯಲ್ಲಿ ಅವನು 2007ರಲ್ಲಿ ಹೇಳಿದ್ದ, 2017ರಲ್ಲಿಯೂ ಹೇಳಿದ್ದ. ಮೂರನೆಯ ಬಾರಿ ಕೇಳಿದಾಗ, ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ಬರೆದೇಬಿಡಬೇಕೆನಿಸಿತು. ಇದು ಅವನೊಬ್ಬನ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಲೋಕದಾದ್ಯಂತ ಆ ತಂಡದ ಅಭಿಮಾನಿಗಳಲ್ಲಿ ಒಂದು ದೊಡ್ಡ ಪಂಗಡ ಇದೇ ದೂರನ್ನು ಹದಿನೆಂಟು ವರ್ಷಗಳಿಗೂ ಮೇಲ್ಪಟ್ಟು ಹೇಳುತ್ತ ಬಂದಿದೆ. ಆ ದೂರು ಅನ್ಯಾಯದ್ದೆಂದು ನಾನು ತಿಳಿದಿದ್ದೇನೆ.

ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟರಿಗೆ ಈ ಸಂಗೀತದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಈ ಹುಡುಗ ಪಿ.ಯು.ಸಿ. ಓದಲೆಂದು 2003ರಲ್ಲಿ ನಮ್ಮ ಮನೆಗೆ ಬಂದವನು ಪದವಿ ಮುಗಿಯುವವರೆಗೂ ಇಲ್ಲಿಯೇ ಇದ್ದ. ತಂದೆಯನ್ನು ಕಳೆದುಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಯಾರೊಡನೆಯೂ ಮಾತಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಎರಡೇ ಕ್ಯಾಸೆಟ್ಟುಗಳನ್ನು ಹಗಲೂ ರಾತ್ರಿಯೂ ಹಾಕುತ್ತಿದ್ದ. ಮೊದಮೊದಲು ನನಗೆ ಅದು ಬರಿಯ ಗದ್ದಲವಾಗಿ ಕೇಳಿಸಿತು. ಗದರಿಸಬೇಕೆಂದು ಹೋದವನು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದೆ. ಒಬ್ಬ ಲಯಕ್ಕೆ ಕಟ್ಟುಬಿದ್ದು ಮಾತನ್ನೇ ವೇಗವಾಗಿ ಒಪ್ಪಿಸುತ್ತಾನೆ, ಅದು ರ‍್ಯಾಪ್. ಇನ್ನೊಬ್ಬ ಅದಕ್ಕೆ ಉತ್ತರವೆಂಬಂತೆ ಎತ್ತರದ ಸ್ಥಾಯಿಯಲ್ಲಿ ಹಾಡುತ್ತಾನೆ, ಮರುಕ್ಷಣವೇ ಕಿರುಚುತ್ತಾನೆ. ಹಿಂದೆ ಗಿಟಾರಿನ ಗೋಡೆ. ಆ ಕಿರುಚಾಟದಲ್ಲಿ ಈ ಹುಡುಗ ತಾನು ಹೇಳಲಾರದ್ದನ್ನು ಯಾರೋ ಹೇಳುತ್ತಿರುವುದನ್ನು ಕೇಳುತ್ತಿದ್ದಾನೆಂದು ನನಗೆ ಹೊಳೆಯಿತು. ಗದರಿಸದೆ ಹಿಂತಿರುಗಿದೆ.

ಆ ಎರಡು ಕ್ಯಾಸೆಟ್ಟುಗಳು 2000ದಲ್ಲಿ ಬಂದ ‘ಹೈಬ್ರಿಡ್ ಥಿಯರಿ’ ಮತ್ತು 2003ರ ‘ಮೀಟಿಯೋರಾ’. ಮಾತಿನ ಭಾಗ ಮೈಕ್ ಶಿನೋಡ ಅವರದು, ಹಾಡಿನ ಭಾಗ ಚೆಸ್ಟರ್ ಬೆನಿಂಗ್ಟನ್ ಅವರದು. ಮೊದಲನೆಯ ಆಲ್ಬಮ್ ನಲವತ್ತು ನಿಮಿಷವೂ ಇಲ್ಲ. ಆದರೆ ಅಮೆರಿಕವೊಂದರಲ್ಲಿಯೇ ಒಂದು ಕೋಟಿಗೂ ಮಿಗಿಲಾಗಿ ಮಾರಾಟವಾಯಿತು. ಹೀಗಿರುವಾಗ 2007ರಲ್ಲಿ ‘ಮಿನಿಟ್ಸ್ ಟು ಮಿಡ್‌ನೈಟ್’ ಬಂತು. ಅದರ ಹನ್ನೆರಡು ರಚನೆಗಳಲ್ಲಿ ಶಿನೋಡ ಅವರ ರ‍್ಯಾಪ್ ಇದ್ದದ್ದು ಎರಡರಲ್ಲಿ ಮಾತ್ರ. ಗಿಟಾರು ತಗ್ಗಿತ್ತು, ನಿಧಾನಗತಿಯ ಹಾಡುಗಳು ಹೆಚ್ಚಿದ್ದವು. ನಮ್ಮ ಹುಡುಗ ಸಿ.ಡಿ. ತಂದು, ಒಮ್ಮೆ ಕೇಳಿ, ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟ. “ಮೋಸ” ಎಂಬ ಪದ ಅಂದು ಮೊದಲ ಬಾರಿ ಅವನ ಬಾಯಿಂದ ಹೊರಟಿತು.

ನಿರಾಶೆಯನ್ನು ನಾನು ಹಳಿಯುವುದಿಲ್ಲ. ಒಂದು ದನಿಯನ್ನು ಪ್ರೀತಿಸಿದವನಿಗೆ ಆ ದನಿ ಇಲ್ಲವಾದಾಗ ದುಃಖವಾಗುವುದು ಸಹಜ. ಹೊಸದು ಹಿಡಿಸಲಿಲ್ಲವೆಂದು ಹೇಳುವುದು ರಸಿಕನ ಹಕ್ಕು. ಹಿಡಿಸದಿದ್ದರೂ ಹಿಡಿಸಿತೆನ್ನುವುದು ಸುಳ್ಳು. ನನ್ನ ತಕರಾರು ಇರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ. “ನನಗೆ ಹಿಡಿಸಲಿಲ್ಲ” ಎಂಬುದು ಅಭಿರುಚಿಯ ಮಾತು. “ಅವರು ಹಣಕ್ಕಾಗಿ ತಮ್ಮನ್ನು ಮಾರಿಕೊಂಡರು, ನಮಗೆ ದ್ರೋಹ ಬಗೆದರು” ಎಂಬುದು ಮನುಷ್ಯರ ನಡತೆಯ ಮೇಲಿನ ಆರೋಪ. ಮೊದಲನೆಯದಕ್ಕೆ ನಮ್ಮ ಕಿವಿಯ ಸಾಕ್ಷಿ ಸಾಕು. ಎರಡನೆಯದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿ ಎಲ್ಲಿದೆ? ಹಣವೇ ಗುರಿಯಾಗಿದ್ದರೆ 2007ರಲ್ಲಿ ಅವರು ಮಾಡಬೇಕಾಗಿದ್ದ ಕೆಲಸ ಬಹಳ ಸುಲಭವಾಗಿತ್ತು. ಕೋಟಿಗಟ್ಟಲೆ ಮಾರಾಟವಾದ ಅಚ್ಚು ಕೈಯಲ್ಲಿಯೇ ಇತ್ತು. ಅದೇ ಅಚ್ಚಿನಲ್ಲಿ ಮೂರನೆಯ ಬಾರಿ ಬೆಲ್ಲ ಹೊಯ್ದರೆ ಸಾಕಾಗಿತ್ತು. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದರು. ಆ ಅಚ್ಚನ್ನು ಪಕ್ಕಕ್ಕಿಟ್ಟು, ಕೊಳ್ಳುವವರು ಮುನಿಯುವರೆಂದು ತಿಳಿದೂ ಬೇರೆಯದನ್ನು ಮಾಡುವುದು ಯಾವ ವ್ಯಾಪಾರಿಯ ಲಕ್ಷಣ? ಇನ್ನೊಂದು ಸಂಗತಿ ಗಮನಿಸಿ. ಆ ಆಲ್ಬಮನ್ನು ಶಿನೋಡ ಅವರೊಡನೆ ನಿರ್ಮಿಸಿದವರು ರಿಕ್ ರೂಬಿನ್. 1986ರಲ್ಲಿ ರನ್-ಡಿಎಂಸಿ ತಂಡವೂ ಏರೋಸ್ಮಿತ್ ತಂಡದ ಕಲಾವಿದರೂ ಕೂಡಿ ಹಾಡಿದ ‘ವಾಕ್ ದಿಸ್ ವೇ’ಯ ಹಿಂದೆ ಇದ್ದವರು ಇದೇ ರೂಬಿನ್. ರ‍್ಯಾಪಿಗೂ ರಾಕಿಗೂ ಗಂಟುಹಾಕಿದ ಪುರೋಹಿತರಲ್ಲಿ ಒಬ್ಬರು ಅವರು. ಅಂಥವರೇ ಜೊತೆಗಿದ್ದು ಆ ತಂಡ ಹಳೆಯ ರೀತಿಯಿಂದ ಹೊರಗೆ ಬಂತೆಂದರೆ, ಆ ರೀತಿ ತಮ್ಮ ಪಾಲಿಗೆ ಮುಗಿದ ಪಾಠವೆಂದು ಅವರಿಗನಿಸಿರಬೇಕು.

ಇನ್ನು ‘ಶುದ್ಧತೆ’ಯ ವಾದ. ಹಳೆಯ ಲಿಂಕಿನ್ ಪಾರ್ಕ್ ಶುದ್ಧ, ಹೊಸದು ಕಲಬೆರಕೆ ಎನ್ನುತ್ತಾರೆ. ಮೊದಲ ಆಲ್ಬಮಿನ ಹೆಸರನ್ನೇ ಇವರು ಮರೆತಿದ್ದಾರೆ. ‘ಹೈಬ್ರಿಡ್’ ಎಂದರೆ ಸಂಕರ. ಲಿಂಕಿನ್ ಪಾರ್ಕ್ ಎಂಬ ಹೆಸರು ಗಟ್ಟಿಯಾಗುವ ಮುನ್ನ ತಂಡಕ್ಕೇ ಆ ಹೆಸರಿತ್ತು. ಅವರು ಬಂದಾಗ ಕಟ್ಟಾ ರಾಕ್ ಪ್ರಿಯರಲ್ಲಿ ಅನೇಕರು ಇದು ನಿಜವಾದ ರಾಕ್ ಅಲ್ಲವೆಂದು ಮೂಗುಮುರಿದಿದ್ದರು. ಆ ಕಲಬೆರಕೆಯನ್ನು ಮೆಚ್ಚಿ ಎದೆಗಪ್ಪಿಕೊಂಡ ಹುಡುಗರೇ ಏಳು ವರ್ಷಗಳ ನಂತರ ಶುದ್ಧತೆಯ ಕಾವಲುಗಾರರಾಗಿ ನಿಂತದ್ದು ವಿಚಿತ್ರ. ನಿನ್ನೆಯ ಬೆರಕೆ ಇಂದಿನ ಮಡಿಯಾಗುವುದನ್ನು ನಾವು ಬೇರೆಡೆಯೂ ಕಂಡಿದ್ದೇವೆ.

2010ರ ‘ಎ ಥೌಸಂಡ್ ಸನ್ಸ್’ ವಿಷಯದಲ್ಲಿ ನನಗೆ ಹೆಚ್ಚು ನೋವಾಯಿತು. ಸಾವಿರ ಸೂರ್ಯರೆಂಬ ಆ ಹೆಸರು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದ ಉಪಮೆಯಿಂದ ಬಂದದ್ದು. ಅಣುಬಾಂಬಿನ ಕಥೆಯೊಡನೆ ಓಪನ್‌ಹೈಮರ್ ಮೂಲಕ ಲೋಕಕ್ಕೆ ಪರಿಚಿತವಾದದ್ದು. ಗೀತೆಯನ್ನು ನೆನೆದು ಓಪನ್‌ಹೈಮರ್ ಆಡಿದ ಮಾತಿನ ಧ್ವನಿಮುದ್ರಣವೇ ಆ ಆಲ್ಬಮಿನಲ್ಲಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರ ದನಿಯೂ ಇದೆ. ಸ್ವಂತ ಕೋಪತಾಪಗಳನ್ನು ಹಾಡುತ್ತಿದ್ದ ತಂಡವೊಂದು ಯುದ್ಧ, ವಿನಾಶ, ಮನುಷ್ಯನ ಹೊಣೆಗಾರಿಕೆಗಳನ್ನು ಕುರಿತು ಆಲ್ಬಮಿನ ಉದ್ದಕ್ಕೂ ಒಂದೇ ಎಳೆ ಹಿಡಿದು ಯೋಚಿಸಲು ಹೊರಟಿತ್ತು. ಆದರೆ ಬಹುಮಂದಿ ಕೇಳಿದ್ದು ಒಂದೇ ಪ್ರಶ್ನೆ: “ಗಿಟಾರು ಎಲ್ಲಿ?” ಅದರ ಪ್ರಯೋಗಗಳೆಲ್ಲ ಫಲಿಸಿವೆಯೆಂದು ನಾನೂ ಹೇಳಲಾರೆ. ಆದರೆ ಎದುರಿಗಿರುವವನು ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳುವ ಮುನ್ನವೇ ಅವನ ಅಂಗಿಯ ಬಣ್ಣ ಬದಲಾಯಿತೆಂದು ಎದ್ದುಹೋಗುವುದು ಸೌಜನ್ಯವಲ್ಲ.

ಅಭಿಮಾನಿಗಳು ಬೇಡಿದ್ದು ದೊರೆತಾಗ ಏನಾಯಿತು? 2014ರ ‘ದಿ ಹಂಟಿಂಗ್ ಪಾರ್ಟಿ’ ಕರ್ಕಶ ಗಿಟಾರಿನ, ಕಿರುಚಾಟದ, ವೇಗದ ಆಲ್ಬಮ್. ಟಾಮ್ ಮೊರೆಲ್ಲೊ ಅವರಂಥ ಹೆಸರಾಂತ ಗಿಟಾರ್ ವಾದಕರು ಅದರಲ್ಲಿ ಅತಿಥಿಗಳಾಗಿದ್ದರು. ಎರಡು ವರ್ಷ ಹಿಂದಿನ ‘ಲಿವಿಂಗ್ ಥಿಂಗ್ಸ್’ ಅಮೆರಿಕದಲ್ಲಿ ಮೊದಲ ವಾರ ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದರೆ, ಇದು ಅದರ ಅರ್ಧದಷ್ಟು, ಸುಮಾರು 1 ಲಕ್ಷ 10 ಸಾವಿರ ಮಾರಾಟವಾಯಿತು. ಆಲ್ಬಮ್ ಕೊಳ್ಳುವವರೇ ಕಡಿಮೆಯಾಗುತ್ತಿದ್ದ ಕಾಲವದು, ಒಪ್ಪುತ್ತೇನೆ. ಆದರೂ ಹಳೆಯ ಕಾವು ಬೇಕೆಂದು ಏಳು ವರ್ಷ ಕೂಗಿದವರು ಆ ಕಾವು ಮನೆಬಾಗಿಲಿಗೆ ಬಂದಾಗ ಎಲ್ಲಿದ್ದರು? ನಮ್ಮ ಹುಡುಗನನ್ನೇ ಕೇಳಿದೆ. “ಅದು ಬೇರೆ ತರಹ ಮಾವ, ಹಳೆಯದರ ಹಾಗಲ್ಲ” ಎಂದ.

ಈಗ 2017ಕ್ಕೆ ಬರುತ್ತೇನೆ. ಆ ವರ್ಷ ಮೇ 19ರಂದು ಬಂದ ‘ಒನ್ ಮೋರ್ ಲೈಟ್’ ನಯವಾದ ಪಾಪ್ ಸಂಗೀತ. ವಿರೋಧಿಗಳ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಜನಪ್ರಿಯ ಪಾಪ್ ಗೀತೆಗಳನ್ನು ಬರೆಯುವ ಹೊರಗಿನವರು ಅದರಲ್ಲಿ ಕೈಜೋಡಿಸಿದ್ದರು. ರೇಡಿಯೋದಲ್ಲಿ ಆಗ ಕೇಳಿಬರುತ್ತಿದ್ದ ಹಾಡುಗಳ ಛಾಯೆ ಅದರಲ್ಲಿ ಧಾರಾಳವಾಗಿತ್ತು. ನನಗೂ ಅರ್ಧದಷ್ಟು ಹಾಡುಗಳು ಸಪ್ಪೆಯೆನಿಸಿದವು. ಆದರೆ ಟೀಕೆ ಸಪ್ಪೆ ಎಂಬಲ್ಲಿಗೆ ನಿಲ್ಲಲಿಲ್ಲ. ಮತ್ತೆ ಅದೇ “ಮಾರಿಕೊಂಡರು” ಎಂಬ ಕೂಗು. ಬೆನಿಂಗ್ಟನ್ ಅವರಿಗೆ ಸಿಟ್ಟು ಬಂತು. ಹಿಡಿಸದಿದ್ದರೆ ಅದು ನಿಮ್ಮ ಅಭಿಪ್ರಾಯ, ಸರಿ. ಆದರೆ ಹಣಕ್ಕಾಗಿ ಮಾಡಿದಿರೆಂದು ಹೇಳಿದರೆ ಸಹಿಸುವುದಿಲ್ಲ ಎಂಬ ಅರ್ಥ ಬರುವಂತೆ ಬ್ರಿಟನ್ನಿನ ಸಂಗೀತ ಪತ್ರಿಕೆಯೊಂದಕ್ಕೆ ಒರಟಾಗಿ ಉತ್ತರಿಸಿದರು. ಒರಟುತನ ಬೇಡವಾಗಿತ್ತು. ಆದರೆ ಅವರು ಎಳೆದ ಗೆರೆ ಸರಿಯಾದ ಜಾಗದಲ್ಲಿಯೇ ಇತ್ತು.

ಎರಡು ತಿಂಗಳ ನಂತರ, ಜುಲೈ 20ರಂದು, ಬೆನಿಂಗ್ಟನ್ ತಮ್ಮ ಕೈಯಾರೆ ಜೀವ ಕಳೆದುಕೊಂಡರು. ವಯಸ್ಸು 41. ಸುದ್ದಿ ನಮ್ಮಲ್ಲಿಗೆ ತಲುಪುವಾಗ ನಡುರಾತ್ರಿ ಕಳೆದಿತ್ತು. ಬೆಳಗಿನ ಜಾವ ನಮ್ಮ ಹುಡುಗನ ಫೋನು ಬಂತು. ಮೂವತ್ತು ವರ್ಷದ ಗಂಡಸು ಬಿಕ್ಕುತ್ತಿದ್ದ. “ನಾನು ಏನೇನೋ ಅಂದುಬಿಟ್ಟಿದ್ದೆ ಮಾವ” ಎಂಬುದೊಂದೇ ಮಾತು.

ಆಗ ಹುಟ್ಟಿದ ಇನ್ನೊಂದು ಆರೋಪವನ್ನೂ ಇಲ್ಲಿಯೇ ತಳ್ಳಿಹಾಕಬೇಕು. ಅಭಿಮಾನಿಗಳ ನಿಂದೆಯೇ ಆತನನ್ನು ಕೊಂದಿತೆಂದು ಕೆಲವರು ಬರೆದರು. ಇದೂ ಸಾಕ್ಷಿಯಿಲ್ಲದ ಮಾತು. ಬಾಲ್ಯದಲ್ಲಿ ತಾವು ಅನುಭವಿಸಿದ ದೌರ್ಜನ್ಯ, ಕುಡಿತ ಮತ್ತು ಮಾದಕವಸ್ತುಗಳ ಚಟ, ಖಿನ್ನತೆ, ಇವುಗಳ ಬಗ್ಗೆ ಬೆನಿಂಗ್ಟನ್ ವರ್ಷಗಳ ಕಾಲ ಬಹಿರಂಗವಾಗಿ ಮಾತನಾಡಿದ್ದರು. ಅದೇ ಮೇ ತಿಂಗಳಲ್ಲಿ ಆಪ್ತಮಿತ್ರ ಕ್ರಿಸ್ ಕಾರ್ನೆಲ್ ಅವರನ್ನು ಕಳೆದುಕೊಂಡಿದ್ದರು. ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣವನ್ನು ಹೆಸರಿಸುವುದು ಅವಿವೇಕ. ನಮ್ಮ ಹುಡುಗನಿಗೂ ಅಂದು ಇದನ್ನೇ ಹೇಳಿದೆ: “ನೋಡಪ್ಪ, ನಿನ್ನ ಮಾತಿನಿಂದ ಅವರು ಸಾಯಲಿಲ್ಲ. ಆದರೆ ನಿನ್ನ ಮಾತು ಅಂದೂ ತಪ್ಪಾಗಿತ್ತು. ಅವರು ಬದುಕಿದ್ದರೂ ತಪ್ಪಾಗಿಯೇ ಇರುತ್ತಿತ್ತು.” ಸಾವು ಬಂದಮೇಲೆ ಮಾತ್ರ ತಪ್ಪೆನಿಸುವುದಾದರೆ ಅದು ನ್ಯಾಯವಲ್ಲ, ಹೆದರಿಕೆ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಆ ಆಲ್ಬಮಿನ ಶೀರ್ಷಿಕೆಗೀತೆ ‘ಒನ್ ಮೋರ್ ಲೈಟ್’, ತಂಡಕ್ಕೆ ಬೇಕಾದವರೊಬ್ಬರು ಕ್ಯಾನ್ಸರಿನಿಂದ ತೀರಿಕೊಂಡಾಗ ಹುಟ್ಟಿದ್ದು. ಕಾರ್ನೆಲ್ ತೀರಿಕೊಂಡಾಗ ಬೆನಿಂಗ್ಟನ್ ಅದನ್ನು ಅವರ ನೆನಪಿಗಾಗಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಹಾಡಿದರು. ಜುಲೈ ಕಳೆದ ಮೇಲೆ ಲೋಕದ ಅಭಿಮಾನಿಗಳೆಲ್ಲ ಬೆನಿಂಗ್ಟನ್ ಅವರಿಗಾಗಿ ಅತ್ತದ್ದು ಅದೇ ಹಾಡನ್ನು ಕೇಳಿ. ಮೇ ತಿಂಗಳಲ್ಲಿ ‘ಮಾರಾಟದ ಸರಕು’ ಎನಿಸಿಕೊಂಡ ಆಲ್ಬಮಿನ ಹಾಡು ಅದು. ಒಂದು ಸ್ವರವೂ ಒಂದು ಶಬ್ದವೂ ಬದಲಾಗಿರಲಿಲ್ಲ. ಮೇ ತಿಂಗಳಲ್ಲಿ ಅದರಲ್ಲಿ ಪ್ರಾಮಾಣಿಕತೆ ಇಲ್ಲದಿದ್ದರೆ ಜುಲೈಯಲ್ಲಿ ಎಲ್ಲಿಂದ ಬಂತು? ಅದು ಮೊದಲೂ ಇತ್ತು. ಹಳೆಯ ದನಿಯನ್ನೇ ಹುಡುಕುತ್ತಿದ್ದ ಕಿವಿಗೆ ಕೇಳಿಸಿರಲಿಲ್ಲ, ಅಷ್ಟೆ.

ಏಳು ವರ್ಷಗಳ ಮೌನದ ನಂತರ, 2024ರಲ್ಲಿ, ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯೊಡನೆ ತಂಡ ಮತ್ತೆ ಬಂತು. ‘ಫ್ರಮ್ ಝೀರೊ’ ಆಲ್ಬಮಿನಲ್ಲಿ ರ‍್ಯಾಪ್, ಕಿರುಚಾಟ, ಗಿಟಾರು ಎಲ್ಲವೂ ಹಿಂದಿರುಗಿವೆ. ಈಗ ದೂರು ತಿರುಗಿ ನಿಂತಿದೆ: ಹಳೆಯದನ್ನೇ ಅನುಕರಿಸುತ್ತಿದ್ದಾರೆ, ಅವರಿಲ್ಲದೆ ಆ ಹೆಸರು ಹೇಗೆ ಇಟ್ಟುಕೊಂಡರು, ಇದೂ ಮೋಸವೇ. ಬೆನಿಂಗ್ಟನ್ ಇಲ್ಲದ ತಂಡವನ್ನು ಕೇಳಲಾರೆನೆಂಬವರ ದುಃಖಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬದಲಾದರೆ ದ್ರೋಹ, ಬದಲಾಗದಿದ್ದರೆ ಅನುಕರಣೆ ಎಂಬ ನ್ಯಾಯಾಸನದ ಮುಂದೆ ಯಾವ ಕಲಾವಿದ ನಿರ್ದೋಷಿಯಾಗಿ ಹೊರಬರಬಲ್ಲ?

ಇದೇನೂ ಹೊಸ ಕಾಯಿಲೆಯಲ್ಲ. ಬಾಬ್ ಡಿಲನ್ 1965ರಲ್ಲಿ ವಿದ್ಯುತ್ ಗಿಟಾರು ಹಿಡಿದಾಗ ಜಾನಪದಪ್ರಿಯರು ಕೂಗಾಡಿದರು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಸಭಿಕನೊಬ್ಬ ಅವರನ್ನು ‘ಜುದಾಸ್’ ಎಂದು ಕರೆದ. ನಮ್ಮ ಅಡಿಗರು ‘ಭಾವತರಂಗ’ದ ದಾರಿಯನ್ನು ಬಿಟ್ಟು ‘ಚಂಡೆಮದ್ದಳೆ’ಗೆ ಬಂದದ್ದನ್ನು ತರಗತಿಯಲ್ಲಿ ಬೆಳವಣಿಗೆಯೆಂದು ನಾನೇ ಪಾಠ ಹೇಳಿದ್ದೇನೆ. ಕವಿಗೆ ಕೊಟ್ಟ ಅನುಮತಿಯನ್ನು ಗಾಯಕನಿಗೆ ಏಕೆ ಕೊಡಬಾರದು?

ನಮ್ಮ ಹುಡುಗನಿಗೆ ಬೇಕಾಗಿರುವುದು ಏನೆಂದು ನನಗೆ ಗೊತ್ತು. 2003ರ ಆ ಕೋಣೆ, ಮುಚ್ಚಿದ ಬಾಗಿಲು, ತಂದೆಯ ಸಾವಿನ ನೋವಿಗೆ ದನಿಯಾದ ಆ ಕ್ಯಾಸೆಟ್ಟು. ಅದನ್ನು ಯಾವ ತಂಡವೂ ಮತ್ತೆ ತಂದುಕೊಡಲಾರದು. ತಂದುಕೊಡಬೇಕೆಂದು ಅವರು ಎಂದೂ ಮಾತು ಕೊಟ್ಟಿರಲಿಲ್ಲ. ಕೊಡದ ಮಾತಿಗೆ ತಪ್ಪುವುದು ಹೇಗೆ? ಅಂದು ಅವರು ಕೊಟ್ಟದ್ದು ಇಂದಿಗೂ ಅವನ ಬಳಿಯೇ ಇದೆ. ಆ ಎರಡು ಆಲ್ಬಮುಗಳನ್ನು ಯಾರೂ ಕಸಿದುಕೊಂಡಿಲ್ಲ.

ಅಂದು ರಾತ್ರಿ ಇಷ್ಟನ್ನೂ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ಆ ಹಳೆಯದು ಹಳೆಯದೇ ಮಾವ” ಎಂದ. ಅದನ್ನು ನಾನು ಒಪ್ಪಿದೆ. ಮೋಸ ಎಂಬ ಮಾತನ್ನು ಮಾತ್ರ ಈ ಬಾರಿ ಅವನು ಆಡಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿಕೊಡಿ ಎಂದು ಕೇಳಿದ. 2007ರ ಆ ಸಿ.ಡಿ. ಇನ್ನೂ ಅದರಲ್ಲಿಯೇ ಇತ್ತು.