ಕೊನೆಯ ಪುಟದ ಕಲಮು

ನನ್ನ ಭಾವಮೈದ ಹಾಸನದಲ್ಲಿ ಒಂದು ಶಿಶುವಿಹಾರ ತೆರೆದ. ಹೆಸರು ಅವನದಲ್ಲ, ದೆಹಲಿಯ ಒಂದು ಕಂಪನಿಯದು. ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಲು ಆರು ಲಕ್ಷ ರೂಪಾಯಿ, ಮೇಲೆ ತಿಂಗಳು ತಿಂಗಳು ರಾಯಲ್ಟಿ. ಅರ್ಧ ಹಣ ಹೆಂಡತಿಯ ಒಡವೆ ಅಡವಿಟ್ಟು ತಂದದ್ದು. ಶಿಕ್ಷಕಿಯರಿಗೆ ತರಬೇತಿ ಕೊಡುತ್ತೇವೆಂದವರು ಬರಲಿಲ್ಲ. ಪುಸ್ತಕಗಳು ಅರ್ಧ ವರ್ಷ ಕಳೆದ ಮೇಲೆ ಬಂದವು. ಎರಡನೆಯ ವರ್ಷ ಅದೇ ಹೆಸರನ್ನು ಅದೇ ಊರಿನ ಇನ್ನೊಬ್ಬರಿಗೂ ಕೊಟ್ಟರು. "ಭಾವ, ಕೇಸು ಹಾಕೋಣ" ಎಂದು ಬಂದ.

ಕರಾರುಪತ್ರ ತರಿಸಿ ನೋಡಿದೆ. ಮೂವತ್ತೆರಡು ಪುಟ. ಕೊನೆಯ ಪುಟದಲ್ಲಿ ಒಂದು ಕಲಮು: ತಕರಾರು ಬಂದರೆ ಕಂಪನಿ ನೇಮಿಸುವ ಮಧ್ಯಸ್ಥಗಾರರು ದೆಹಲಿಯಲ್ಲಿ ಕೂತು ತೀರ್ಮಾನಿಸತಕ್ಕದ್ದು, ದೆಹಲಿಯ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ. ಶಾಲೆ ಹಾಸನದ್ದು, ನಷ್ಟ ಹಾಸನದ್ದು, ಸಾಕ್ಷಿಗಳು ಹಾಸನದವರು. ನ್ಯಾಯ ಮಾತ್ರ ಎರಡು ಸಾವಿರ ಕಿಲೋಮೀಟರಿನಾಚೆ!

'ಸಹಿ ಹಾಕಿದ್ದಾನಲ್ಲ, ಒಪ್ಪಿದ ಹಾಗೆಯೇ' ಎನ್ನುತ್ತಾರೆ. ಅಚ್ಚಾಗಿ ಬಂದ ಕಾಗದದಲ್ಲಿ ಒಂದಕ್ಷರ ತಿದ್ದಿ ಎಂದರೆ 'ಬೇಡವಾದರೆ ಬಿಡಿ' ಎನ್ನುವವರ ಮುಂದೆ ಹಾಕಿದ ಸಹಿ ಯಾವ ಸೀಮೆಯ ಒಪ್ಪಿಗೆ?

1872ರ ಕರಾರು ಕಾಯಿದೆಯ 28ನೆಯ ಕಲಮಿನಂತೆ, ಕೋರ್ಟಿಗೆ ಹೋಗುವುದನ್ನೇ ಪೂರ್ತಿ ತಡೆಯುವ ಕರಾರು ಅನೂರ್ಜಿತ. ಆದರೆ ಅಧಿಕಾರವಿರುವ ಎರಡು ಕೋರ್ಟುಗಳಲ್ಲಿ ಒಂದನ್ನೇ ಆರಿಸಿಕೊಂಡರೆ ಅದು ತಡೆಯಲ್ಲವೆಂದು ಸುಪ್ರೀಂ ಕೋರ್ಟು 1971ರಲ್ಲಿ ಹಾಕಂ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. 'ಮಾತ್ರ' ಎಂಬ ಪದವಿಲ್ಲದಿದ್ದರೂ ಸಾಕೆಂದು 2013ರಲ್ಲಿ ತೀರ್ಪಾಯಿತು. ಮಧ್ಯಸ್ಥಿಕೆಯ ಪೀಠ ಇಂಥ ಊರೆಂದು ಬರೆದಿದ್ದರೆ, ವ್ಯವಹಾರಕ್ಕೂ ಆ ಊರಿಗೂ ಸಂಬಂಧವೇ ಇಲ್ಲದಿದ್ದರೂ ಅಲ್ಲಿನ ಕೋರ್ಟಿಗೇ ಅಧಿಕಾರವೆಂದು 2017ರಲ್ಲಿ ಬಂತು. ತೀರ್ಪಿನಲ್ಲಿ ಆಸಕ್ತಿಯಿರುವ ಪಕ್ಷಗಾರ ತಾನೊಬ್ಬನೇ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲವೆಂದು 2019ರಲ್ಲಿ ಹೇಳಿದ್ದೇನೋ ಸರಿ. ಆದರೆ ಕಂಪನಿ ಹಟ ಹಿಡಿದರೆ ಬೇರೊಬ್ಬರನ್ನು ನೇಮಿಸಿಕೊಡಿ ಎಂದು ಅರ್ಜಿ ಹಾಕಬೇಕಾದದ್ದೂ ದೆಹಲಿಯ ಹೈಕೋರ್ಟಿಗೇ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಅಲ್ಲಿಯವರೆಗೆ ಹೋಗುವ ರೈಲುಚಾರ್ಜು, ಅಲ್ಲಿನ ವಕೀಲರ ಫೀಜು, ಮುಚ್ಚಿದ ಶಾಲೆಯ ಬಾಡಿಗೆ ಯಾವ ತೀರ್ಪಿನ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೂರು ಊರುಗಳಲ್ಲಿ ಶಾಖೆಯಿರುವ ಕಂಪನಿ ಇನ್ನೂರು ಕೋರ್ಟು ಅಲೆಯಲಾದೀತೇ ಎಂದು ಕೇಳುವವರಿದ್ದಾರೆ. ಇನ್ನೂರು ಊರುಗಳಿಂದ ರಾಯಲ್ಟಿ ಎತ್ತುವಾಗ ಆಯಾಸವಾಗದವರಿಗೆ ಜವಾಬು ಹೇಳುವಾಗ ಮಾತ್ರ ಕಾಲುನೋವೇ?

ನಾನು ಕೆಟ್ಟ ಮಿಕ್ಸಿ ಕೊಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಒಡವೆ ಅಡವಿಟ್ಟವನು ಅಲ್ಲಿಗೆ ಹೋದರೆ 'ಇವನು ಗ್ರಾಹಕನಲ್ಲ, ವ್ಯಾಪಾರಿ' ಎಂದು ಕಂಪನಿಯ ವಕೀಲರು ಮೊದಲ ದಿನವೇ ಎದ್ದು ನಿಲ್ಲುತ್ತಾರೆ. ಫ್ರಾಂಚೈಸಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿನ ಫ್ರಾಂಚೈಸಿದಾರನನ್ನು ಹೊರರಾಜ್ಯದ ಕೋರ್ಟಿಗೆ ಎಳೆಯುವ ಷರತ್ತು ನಡೆಯದೆಂದು ಶಾಸನವೇ ಇದೆ. ಬಂಡವಾಳದ ತವರಿಗೇ ಬೇಕೆನಿಸಿದ್ದು ನಮಗೇಕೆ ಬೇಡ? ಅಂಗಡಿ ಇರುವ ಊರಿನಲ್ಲಿ ದಾವೆ ಹೂಡುವ ಹಕ್ಕನ್ನು ಯಾವ ಕರಾರೂ ಕಸಿಯಕೂಡದು. ಇದಿಷ್ಟನ್ನು ಪಾರ್ಲಿಮೆಂಟು ಒಂದು ಪುಟದಲ್ಲಿ ಬರೆಯಬಹುದು.

ಇಷ್ಟೆಲ್ಲ ಬೈದ ಮೇಲೆ ನನ್ನ ಪಾಲನ್ನೂ ಹೇಳಬೇಕು. ಮೂವತ್ತು ವರ್ಷ ವಕೀಲಿ ಮಾಡಿದವನು ನಾನು. ಸಹಿ ಮಾಡುವ ಮುನ್ನ ಅವನು ಆ ಕಾಗದವನ್ನು ನನಗೆ ತೋರಿಸಿದ್ದ. ನಾನು ಹಣದ ಪುಟಗಳನ್ನಷ್ಟೇ ಓದಿ, 'ಉಳಿದದ್ದೆಲ್ಲ ಮಾಮೂಲು' ಎಂದು ಹಿಂದಕ್ಕೆ ಕೊಟ್ಟಿದ್ದೆ. ಆ ಮಾಮೂಲೇ ಈಗ ಅವನ ಕುತ್ತಿಗೆಗೆ ಬಂದಿದೆ. ಒಡವೆ ಇನ್ನೂ ಬ್ಯಾಂಕಿನಲ್ಲಿದೆ.